ತೂಕದ ಚೀಟಿ

ಡೊಂಬಿವಿಲಿ ಸ್ಟೇಷನ್ನಿನಲ್ಲಿ, ವಡಾಪಾವ್ ಗಾಡಿಯ ಪಕ್ಕ,
ಕೆಂಪು ಹಸಿರು ಬಲ್ಬು ಮಿಣುಕಿಸುತ್ತ ನಿಂತ ಯಂತ್ರ
ಎರಡು ರೂಪಾಯಿ ನುಂಗಿ, ಒಂದಿಷ್ಟು ಗೊಣಗಿ
ದಪ್ಪ ಚೀಟಿಯೊಂದನ್ನು ಉಗುಳಿತು.
ಈ ಕಡೆ ತೂಕ: ಇಪ್ಪತ್ತಾರು ಕಿಲೋ.
ಆ ಕಡೆ, ಹಿಂದಿಯಲ್ಲಿ, ಭವಿಷ್ಯ:
ನಿಮ್ಮ ಸಹನೆಗೆ ಫಲವಿದೆ.

"ಇದಕ್ಕೆ ಹೇಗಮ್ಮಾ ಗೊತ್ತು?" ಎಂದಳು ಮೇದಿನಿ,
ಎಂಟು ವರ್ಷ, ಸಹನೆ ಎಂಬುದೇ ಇಲ್ಲದವಳು.

ಸುಳ್ಳು ಕಣೇ, ಅನ್ನಬಹುದಿತ್ತು.
ಹೌದೌದು ಅಂದಿದ್ದರೆ ಇನ್ನೂ ಸುಲಭ,
ಎಂಟೂ ಹನ್ನೆರಡರ ಲೋಕಲ್ಲು ಬರುವುದರಲ್ಲಿತ್ತು.
ಪರ್ಸಿನ ತಳ ಕೆದಕಿ ಇನ್ನೊಂದು ನಾಣ್ಯ ಕೊಟ್ಟೆ.
"ಮತ್ತೆ ಹತ್ತು."

ತೂಕ ಅಷ್ಟೇ. ಭವಿಷ್ಯ ಮಾತ್ರ ಬೇರೆ:
ಶತ್ರುಗಳ ಬಗ್ಗೆ ಎಚ್ಚರ.
ಅವಳ ಹುಬ್ಬು ಕೂಡಿತು. ಗಾಡಿ ಹೋಯಿತು.
ಹೋಗಲಿ, ಹಿಂದೆಯೇ ಇನ್ನೊಂದಿದೆ.

ಮನೆಯೆಂದರೆ ಒಂದೂವರೆ ಕೋಣೆ.
ಸೀರೆಗೆ ಫಾಲ್ ಹಚ್ಚುವ ನನ್ನ ಚಾಪೆಯಂಚಿಗೆ ಕೂತು
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಗೆರೆ ಎಳೆದಳು:
ಹೇಳಿದ್ದು. ಆದದ್ದು. ಯಾರು ನೋಡಿದ್ದು.
ಮೂರನೇ ಕಾಲಮ್ಮು ಅವಳದೇ,
ನಾನು ಹೇಳಿಕೊಟ್ಟದ್ದಲ್ಲ.

ಅವಳಪ್ಪ ದಿನಕ್ಕೊಂದು ಚೀಟಿ ತಂದರು,
ಕ್ಯಾಂಟೀನಿನ ಎಣ್ಣೆ ಮೆತ್ತಿದ್ದು.
ಧನಲಾಭ ಬಂದ ದಿನ ಕೊಡೆ ಕಳೆದುಹೋಯಿತು.
"ಪ್ರವಾಸ ಯೋಗ ಅಂದಿತ್ತು, ನಿಜವಾಯ್ತು ನೋಡು!"
ಪೆನ್ಸಿಲು ಕಚ್ಚುತ್ತ ಮಗಳು:
"ಚೀಟಿ ಇಲ್ಲದ ದಿನವೂ ಕುರ್ಲಾಕ್ಕೆ ಹೋಗ್ತೀಯಲ್ಲ ಪಪ್ಪಾ?"
ನಗು ತಡೆಯಲು ಹೋಗಿ
ಸೂಜಿ ಬೆರಳಿಗೆ ಚುಚ್ಚಿಕೊಂಡೆ.

ಪಕ್ಕದ ವಾಘಮೋಡೆ ಕಾಕು ಬಾಗಿಲಲ್ಲೇ ನಿಂತು ಅಂದರು,
"ಇಷ್ಟೆಲ್ಲ ಕೇಳುವುದು ಕಲಿಸಬೇಡವೇ,
ನಾಳೆ ನಿನ್ನನ್ನೇ ಕೇಳ್ತಾಳೆ."

ನಾಳೆಯ ತನಕ ಎಲ್ಲಿ ಕಾದಳು?
ಅದೇ ರಾತ್ರಿ, ಹಾಸಿಗೆ ಬಿಚ್ಚುವಾಗ,
"ನಾಲ್ಕನೇ ಮಹಡಿಯವರ ಮನೇಲಿ
ನೀರು ಕುಡೀಬೇಡ ಅಂದಿದ್ದೆಯಲ್ಲ,
ಅವರು ಗಲೀಜು ಅಂತ.
ಯಾರು ನೋಡಿದ್ದು?"

ದಾರ ಕಡಿಯುವ ನೆಪದಲ್ಲಿ
ಹಲ್ಲು ಕಚ್ಚಿ ಕೂತೆ.
ನನ್ನ ಅಮ್ಮ ಹೇಳಿದ್ದು. ಅವಳಿಗೆ ಅವಳ ಅತ್ತೆ.
ಅತ್ತೆ ಈ ಊರು ಕಂಡವಳೇ ಅಲ್ಲ.

ಅವಳೇನೂ ಗದರಲಿಲ್ಲ.
ಧನಲಾಭದ ಕೆಳಗೆ, ದುಂಡಗೆ,
ನನ್ನ ಮಾತು ಬರೆದಳು. ಪಕ್ಕದ ಮನೆಗಳು ಖಾಲಿ.
ಫ್ಯಾನಿನ ಗಾಳಿಗೆ ಕ್ಯಾಲೆಂಡರು
ಇಡೀ ರಾತ್ರಿ ಗೋಡೆಗೆ ಬಡಿಯಿತು.

ಬೆಳಿಗ್ಗೆ, ಫಾಲ್ ಹಚ್ಚಿದ ಸೀರೆ ಕೊಡಲಿದೆ ಎಂದು
ಅವಳನ್ನೂ ಕರೆದುಕೊಂಡು ಹೊರಟೆ.
ಲಿಫ್ಟು ಕೆಟ್ಟು ತಿಂಗಳಾಯಿತು.
ನಾಲ್ಕು ಮಹಡಿ ಹತ್ತಿದರೆ
ಯಾರಿಗಾದರೂ ಬಾಯಾರುತ್ತದೆ.