ಲೆಕ್ಕ ಶೀರ್ಷಿಕೆ: ಇತರೆ

ದಾವಣಗೆರೆ ಜಿಲ್ಲಾ ಪಂಚಾಯಿತಿಯಿಂದ ಬಂದದ್ದು ಹದಿನೆಂಟು ಸಾವಿರ.
ಇಪ್ಪತ್ತು ಮಕ್ಕಳು, ಎರಡು ದಿನ,
‘ಗೆಳೆಯರ ಮಾತು ಕೇಳಿಸಿಕೊಳ್ಳುವ ತರಬೇತಿ’.
ಯಾವ ಶೀರ್ಷಿಕೆಗೆ ಹಾಕಲಿ ಅಂತ ಕೇಳಿದೆ.
ಕ್ರೀಡೆಯಲ್ಲ, ಪ್ರವಾಸವಲ್ಲ, ಸುಣ್ಣಬಣ್ಣವೂ ಅಲ್ಲ.
ಇತರೆ ಅನ್ನಿ ಮೇಡಂ, ಅಂದರು ಪ್ರಾಂಶುಪಾಲರು.

ಬ್ಯಾನರು ಆರುನೂರು.
ಚಹಾ, ಮಂಡಕ್ಕಿ, ಮಿರ್ಚಿ ಸಾವಿರದ ನಾನೂರು.
ಮಂಡಕ್ಕಿ ಕೊಟ್ಟವರು ನಸೀಮಾಳ ಅಪ್ಪನೇ,
ಭಟ್ಟಿಯ ಮಸಿ ಬೆರಳಲ್ಲೇ ಬಿಲ್ಲಿಗೆ ಸಹಿ.
ತರಬೇತಿಯಲ್ಲಿ ಅವಳೂ ಇದ್ದಳು, ಕೊನೆಯ ಬೆಂಚು.
ಬುದ್ಧಿ ಹೇಳಬೇಡಿ, ಜೊತೆಗೆ ಕೂತುಕೊಳ್ಳಿ,
ಭಾರ ಹೆಚ್ಚಾದರೆ ದೊಡ್ಡವರಿಗೆ ದಾಟಿಸಿ
ಅಂತ ಬೋರ್ಡಿನ ಮೇಲೆ ಬರೆದದ್ದನ್ನು
ಒಂದು ವಾರ ಯಾರೂ ಒರೆಸಲಿಲ್ಲ.

ಆಮೇಲೆ ನಾನು ನೋಡಿದ್ದು ಇಷ್ಟು:
ಹನ್ನೊಂದು ದಿನ ಬಾರದ ಕೊಟ್ರೇಶ
ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ.
ಒಂದು ಮೊಳ ಬಿಟ್ಟು ಅವಳು.
ಗದರಲು ಹೊರಟ ಕಾವಲುಗಾರನನ್ನು ಕೈಸನ್ನೆಯಲ್ಲೇ ತಡೆದೆ.
ಎರಡು ಬೆಲ್ಲು ಹೊಡೆದವು. ಮಾತಿಲ್ಲ.
ಅವಳು ಡಬ್ಬಿಯ ಮುಚ್ಚಳಕ್ಕೆ ಮಂಡಕ್ಕಿ ಸುರಿದಳು,
ಅವನು ಶೇಂಗಾ ಮಾತ್ರ ಆರಿಸಿ ತಿಂದ.
ಅಷ್ಟರಲ್ಲಿ ನಾನು ಖಜಾನೆಗೆ ಹೋಗಬೇಕಿತ್ತು.

ಆಡಿಟ್‌ನವರು ಕೇಳಿದರು: ಫಲಿತಾಂಶ ಏನು, ದಾಖಲೆ ಎಲ್ಲಿ?
ಹಾಜರಿ ಪುಸ್ತಕ ತಿರುಗಿಸಿ ತೋರಿಸಿದೆ,
ಹನ್ನೆರಡನೆಯ ದಿನದಿಂದ ಕೊಟ್ರೇಶನ ಎದುರು
ನೀಲಿ ಶಾಯಿಯ ‘ಹಾ’.
ಇದು ವೋಚರ್ ಅಲ್ಲವಲ್ಲ, ಅಂದರು.
ಅಲ್ಲ, ಅಂದೆ.

ಉಳಿದ ಮುನ್ನೂರ ನಲವತ್ತು ರೂಪಾಯಿ ವಾಪಸು ಕಟ್ಟಬೇಕಂತೆ.
ಚಲನ್ ತುಂಬಿಟ್ಟಿದ್ದೇನೆ.
ಮುಂದಿನ ವರ್ಷದ ಬೇಡಿಕೆಪಟ್ಟಿಯಲ್ಲಿ
ಇಪ್ಪತ್ತನ್ನು ತಿದ್ದಿ ನಲವತ್ತು ಮಾಡಿದ್ದೇನೆ.