ಕೇರೆಣ್ಣೆಯ ಗುರುತು

ಬೀಜವನ್ನು ಸೂಜಿಯಿಂದ ಚುಚ್ಚಬೇಕು, ಹಲ್ಲಿನಿಂದಲ್ಲ.
ಹಲ್ಲು ತಾಗಿಸಿದವನ ತುಟಿ ಮೂರು ದಿನ ಮಾತಾಡುವುದಿಲ್ಲ.
ನಿಂಬೆವ್ವ ಕಲಿಸಿದ ಮೊದಲ ಪಾಠ ಇದು,
ಸಾತ್ ರಸ್ತಾದ ಘಾಟಿನಲ್ಲಿ, ನಮ್ಮ ಬಾಡಿಗೆಯ ಕಲ್ಲಿನ ಮೇಲೆ ಕೂತು,
ಲೋಕಲ್ ಗಾಡಿ ಹಾದಾಗ ಮಾತು ನಿಲ್ಲಿಸಿ,
ಹಾದ ಮೇಲೆ ಬಿಟ್ಟಲ್ಲಿಂದಲೇ ಎತ್ತಿಕೊಂಡು.

ಕಪ್ಪೆಣ್ಣೆ ಒಂದು ಹನಿ, ಮೇಲೆ ತೇವದ ಸುಣ್ಣ.
ಕಾಲರಿನ ಒಳಗೆ, ಲಂಗದ ಲಾಡಿಯ ಬುಡದಲ್ಲಿ,
ಯಾರೂ ನೋಡದ ಕಡೆ.
ಎರಡು ಚುಕ್ಕೆ, ಅಡ್ಡಗೆರೆ: ಭಾಯಖಳಾ.
ಗೆರೆಯ ಕೆಳಗೊಂದು ಕೊಕ್ಕೆ: ಶಿವಡಿಯ ಆಸ್ಪತ್ರೆ, ಕೆಮ್ಮಿನ ವಾರ್ಡು.
ಬಾಯಿ ಮುಚ್ಚದ ಸೊನ್ನೆ: ಮೂರು ತಿಂಗಳ ದುಡ್ಡು ಬಾಕಿ,
ಬಟ್ಟೆ ಹೋಗಲಿ, ನಾವು ಹೋಗುವುದು ಬೇಡ.

ಹೋಗುವುದೆಂದರೆ, ಹೌದು, ತಾವಾಗಿಯೇ.
ಸಂಜೆ ಆರಕ್ಕೆ ಹಗ್ಗದ ತಿರುಪು ಸಡಿಲಿಸಿದರೆ ಸಾಕು,
ಅಂಗಿಗಳು ತೋಳು ಬಿಚ್ಚಿ ಏಳುತ್ತವೆ.
ಹೋಟೆಲಿನ ಚಾದರಗಳು ಮೊದಲು, ಅವಕ್ಕೆ ಗತ್ತು;
ಮಕ್ಕಳ ಚಡ್ಡಿಗಳು ಸೇತುವೆಯ ಬಳಿ
ಕಾಗೆಗಳೊಡನೆ ಜಗಳಕ್ಕೆ ನಿಂತು ತಡ.
ಊರಿಗೆ ಹೊಸಬರಷ್ಟೇ ತಲೆಯೆತ್ತಿ ಬೆರಗಾಗುತ್ತಾರೆ.
ಉಳಿದವರು ಕಿಟಕಿ ತೆರೆದಿಟ್ಟು ಬೇಳೆ ಬೇಯಿಸುತ್ತಾರೆ.

"ಚುಕ್ಕಿ ಬಟ್ಟಿಗಲ್ಲೊ, ಬಾಗಲಕ್ಕ ಇಡೂದು" ಅನ್ನುತ್ತಿದ್ದಳು.
ನನಗದು ತಿಳಿಯಲು ಒಂದು ಚಾಳೇ ಬೀಳಬೇಕಾಯಿತು.

ಲಾಲ್‌ಬಾಗಿನ ದಾಮೋಲ್ಕರ್ ಚಾಳು, ನಲವತ್ತಾರು ಬಾಗಿಲು.
ಮೇ ತಿಂಗಳಲ್ಲಿ ಕೆಡವಿದರು. ಜನ ವಿರಾರಿಗೆ, ಮಾನಖುರ್ದಿಗೆ.
ಬಟ್ಟೆಗಳಿಗೆ ಯಾರೂ ಹೇಳಿರಲಿಲ್ಲ.
ಆ ಸಂಜೆ ಎದ್ದು ಹೋದವು,
ನೀಲಿ ತಗಡಿನ ಬೇಲಿಯ ಮೇಲೆ ಸುತ್ತಿದವು, ಸುತ್ತಿದವು,
ಬೆಳಗಿನ ಜಾವ ಸಿಮೆಂಟಿನ ಧೂಳು ಹೊತ್ತು ಮರಳಿದವು.
ಒಗೆದೆವು. ಮತ್ತೆ ಹೋದವು.
ಕಾವಲಿನವನು ಬಿದಿರುಗಳದಿಂದ ಒಂದು ನೈಟಿ ಹಿಡಿದು
ಹೆಂಡತಿಗೆ ಕೊಟ್ಟನಂತೆ; ಅವಳು ರಾತ್ರಿಯಿಡೀ
ಗುರುತಿಲ್ಲದ ಜಗಲಿಯೊಂದನ್ನು ಗುಡಿಸಿದಳಂತೆ.

ಒಂದು ದಿನ ಘಾಡಿಗಾಂವಕರ್ ಮುದುಕ ವಿರಾರಿನಿಂದ ಬಂದು
ಬೇಲಿಯ ಬಳಿ ನಿಂತು ಕೈ ಮೇಲೆತ್ತಿದ.
ಖಾಕಿ ಅಂಗಿ ಇಳಿಯಿತು. ತಾನೇ ಗುಂಡಿ ಹಾಕಿಕೊಂಡಿತು.
ಮೈ ಸಿಕ್ಕರೂ ಅದಕ್ಕೆ ಬಾಗಿಲೇ ಬೇಕು:
ಮುದುಕನನ್ನು ಎತ್ತಿತು, ಮೂರನೇ ಮಾಳಿಗೆಯ ಎತ್ತರಕ್ಕೆ,
ಒಂದು ಚಹಾ ಕುದಿಯುವಷ್ಟು ಹೊತ್ತು
ತನ್ನ ಅಡುಗೆಮನೆ ಇದ್ದ ಗಾಳಿಯಲ್ಲಿ ಅವನು ನಿಂತಿದ್ದ.
ಒಮ್ಮೆ ಬಗ್ಗಿದ, ಏನನ್ನೋ ಆರಿಸಲು.
ಕ್ರೇನಿನ ಹುಡುಗರು ಶಿಳ್ಳೆ ಹೊಡೆಯುವುದನ್ನು ಮರೆತರು.

ನಿಂಬೆವ್ವ ಅಳಿಸಲು ನೋಡಿದಳು.
ಲಿಂಬಿಹುಳಿ, ಸೀಮೆಎಣ್ಣೆ, ಬಾಣಂತಿಯ ಎದೆಹಾಲು.
ಕೇರೆಣ್ಣೆ ಬಿಡುವುದಿಲ್ಲ, ಬಟ್ಟೆಯೇ ಮೊದಲು ಹರಿಯುತ್ತದೆ.
ಇಡುವ ವಿದ್ಯೆ ಹೇಳಿದ ಹಿರಿಯರು
ತೆಗೆಯುವ ವಿದ್ಯೆ ಹೇಳದೆ ಸತ್ತಿದ್ದರು.
ಕೊನೆಗೆ ಕತ್ತರಿ. ನಲವತ್ತಾರು ಮನೆಯ ಚುಕ್ಕೆಗಳನ್ನು
ಉಗುರಗಲ ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು.
ಆ ಡಬ್ಬಿ ಈಗ ನನ್ನ ಮಾಡದಲ್ಲಿದೆ.
ರಾತ್ರಿಗೊಂದು ಬೆರಳಿನಷ್ಟು ಲಾಲ್‌ಬಾಗಿನ ಕಡೆ ಸರಿಯುತ್ತದೆ,
ಬೆಳಿಗ್ಗೆ ಹಿಂದಕ್ಕೆ ತಳ್ಳಿ ಹಲ್ಲುಜ್ಜಲು ಹೋಗುತ್ತೇನೆ.

ಅವಳು ಹೋಗಿ ಎರಡು ಮಳೆಗಾಲ.
ಅಗಸರ ಬಟ್ಟೆಗೆ ಗುರುತಿರುವುದಿಲ್ಲ, ಅದು ನೇಮ.
ನಮ್ಮದು ಒಗೆದಲ್ಲೇ ಒಣಗುತ್ತದೆ, ಒಣಗಿದಲ್ಲೇ ಉಡುತ್ತೇವೆ.
ಹಾಗಾಗಿ ಅವಳ ಇಳಕಲ್ ಸೀರೆಯನ್ನು
ಸಂಜೆ ಆರಕ್ಕೆ ಹಗ್ಗದಿಂದ ಬಿಟ್ಟರೆ
ಸುಮ್ಮನೆ ಕೆಳಗೆ ಬೀಳುತ್ತದೆ.

ನಿನ್ನೆ ಬೀಜ ಚುಚ್ಚಿದೆ.
ಸೆರಗಿನ ಒಳಗೆ ಒಂದೇ ಚುಕ್ಕೆ ಇಟ್ಟು, ಸುಣ್ಣ ಸವರಿ,
ಮುಂದಿನ ಗೆರೆ ಯಾವ ಕಡೆ ಎಳೆಯಬೇಕೆಂದು
ಸೂಜಿ ಹಿಡಿದು ಕೂತಿದ್ದೆ. ಗಾಡಿ ಬಂತು. ಹೋಯಿತು.
ಹೆಬ್ಬೆರಳಿಗೆ ಎಣ್ಣೆ ತಾಗಿ ಗುಳ್ಳೆಯೆದ್ದಿದೆ.