ಚೀಲದ ಕಿವಿ

ಹಟ್ಟಿಯ ಗ್ರಂಥಾಲಯದಲ್ಲಿ ಪುಸ್ತಕದ ಬೆನ್ನಿಗೆ ನಂಬರು ಬರೆಯುವ ಕೆಲಸ ನನ್ನದು.
ಸಂಜೆಗೊಂದನ್ನು ಸೆರಗಿನಲ್ಲಿ ಮುಚ್ಚಿ ತಂದು
ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಓದುತ್ತಿದ್ದೆ
ಸೋದರಮಾವ ಮಾರೆಪ್ಪನಿಗೆ.
ಅಕ್ಷರ ಬಾರದ ಮನುಷ್ಯ;
ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ
"ಆಮ್ಯಾಲ?" ಅನ್ನುವನು,
"ಆಮ್ಯಾಲ ಏನಾತು?"

ಇಪ್ಪತ್ತಾರು ವರ್ಷ ನೆಲದಡಿ
ಬಂಡೆಗೆ ಡ್ರಿಲ್ಲು ಒತ್ತಿದವನ ಕಿವಿ
ಮೊದಲು ಗುಬ್ಬಿಯನ್ನು ಬಿಟ್ಟಿತು,
ಆಮೇಲೆ ಹಾಲಿನವನ ಸೈಕಲ್ ಗಂಟೆ, ಮೊಮ್ಮಗಳ ಅಳು,
ಕೊನೆಗೆ, ಸತ್ತವರೂ ಎದ್ದು ಬುತ್ತಿ ಹುಡುಕುವಂಥ
ಶಿಫ್ಟಿನ ಭೋಂಗಾ.
ಒಂದು ಸಂಜೆ ಅರ್ಧ ಅಧ್ಯಾಯ ಓದಿ ತಲೆ ಎತ್ತಿದರೆ
ಮಾವ ನನ್ನ ತುಟಿ ನೋಡುತ್ತಿದ್ದ.
ಆಮ್ಯಾಲ ಅನ್ನಲಿಲ್ಲ.

ಪುಸ್ತಕ ಮುಚ್ಚಿದೆ. ಮತ್ತೇನು ಮಾಡಲಿ,
ಓದ ಬಂದವರಿಗೆ ಒಂದು ಬಾಗಿಲು, ಕೇಳ ಬಂದವರಿಗೆ ಇನ್ನೊಂದು,
ಇವನಿಗೆ ಎರಡಕ್ಕೂ ಚಿಲಕ.

ಭಾನುವಾರ ಅವನೇ ಎಳೆದುಕೊಂಡು ಹೋದ
ಲಿಂಗಸುಗೂರಿನ ಟಾಕೀಸಿಗೆ.
ನಾನೇ ನಂಬರು ಬರೆದ ಕಾದಂಬರಿ ಸಿನಿಮಾ ಆಗಿತ್ತು.
ಮುನ್ನೂರ ನಲವತ್ತು ಪುಟ! ಎರಡೂವರೆ ತಾಸಿನಲ್ಲಿ
ಏನು ಕಡಿದು ಗುಡ್ಡೆ ಹಾಕಿಯಾರು ಎಂದು
ಮೂಗು ಮುರಿದೇ ಕೂತೆ.

ಬೆನ್ನ ಹಿಂದಿನ ಕಿಂಡಿಯಿಂದ ಬೆಳಕು ಬಂದದ್ದೇ
ಮಾವ ತಟ್ಟನೆ ಹಣೆ ಮುಟ್ಟಿಕೊಂಡ:
ಕತ್ತಲಲ್ಲಿ ಬೆಳಕೆಂದರೆ
ಅವನ ಲೆಕ್ಕದಲ್ಲಿ ತನ್ನ ಟೊಪ್ಪಿಗೆಯಿಂದಲೇ ಹೊರಡಬೇಕು.

ಕಾದಂಬರಿಯಲ್ಲಿ ಬೇವಿನ ಮರಕ್ಕೇ ನಾಲ್ಕು ಪುಟ.
ಇಲ್ಲಿ ಅದು ಸುಮ್ಮನೆ ನಿಂತಿತ್ತು, ಯಾರ ಹೊತ್ತನ್ನೂ ತಿನ್ನದೆ;
ಮುಂದೆ ಗಂಡ ಹೆಂಡತಿ ಜಗಳಾಡುವಾಗ
ಹಿಂದೆ ತನ್ನ ಪಾಡಿಗೆ ಎಲೆ ಉದುರಿಸುತ್ತ.

ಬಸ್ ನಿಲ್ದಾಣದ ದೃಶ್ಯ.
"ಹೋಗ್ರಿ" ಅಂದಳು ಅವಳು, "ನನಗೇನೂ ಆಗಂಗಿಲ್ಲ."
ಅವನು ಹೋದ. ಬಸ್ಸಿನ ಧೂಳು. ಬಿಡುವು.

ಹೊರಗೆ ವಗ್ಗರಣಿ ಮಿರ್ಚಿ ತಿನ್ನುತ್ತ
ಮಾವ ಕಥೆ ನನಗೇ ಹೇಳತೊಡಗಿದ,
ಕಿವುಡರ ಎತ್ತರದ ದನಿಯಲ್ಲಿ, ಅಂಗಡಿಯವನೂ ತಿರುಗಿ ನೋಡುವಂತೆ:
"ಪಾಪ, ಹೋಗಬ್ಯಾಡ ಅಂತ ಎಷ್ಟ್ ಬೇಡಿಕೊಂಡ್ಳು ಅಕಿ!"

ಇಲ್ಲ ಮಾವ. ಕೈ ಬೀಸಿ ತೋರಿಸಿದೆ:
ಹೋಗು ಅಂದಳು. ಹೋಗು. ನಾನು ಕೇಳಿದೆನಲ್ಲ.

"ನೀ ಕೇಳಿದಿ. ನಾ ನೋಡೀನಿ" ಅಂದ.
ಎಣ್ಣೆ ಬೆರಳು ಪಂಚೆಗೆ ಒರೆಸಿಕೊಂಡು
ನನ್ನ ಕೈಚೀಲದ ಕಿವಿ ಹಿಡಿದ.
ಸುತ್ತಿದ ಒಂದು ಸುತ್ತು, ಇನ್ನೊಂದು,
ಬೆರಳ ತುದಿ ಬೆಳ್ಳಗಾಗುವ ತನಕ.
ಮುಖ ಮಾತ್ರ ಆಚೆ,
ಹೋಗು ಎನ್ನುವವರ ಮುಖದ ಹಾಗೆ.

ಆಗ ನೆನಪಾಯಿತು. ನಾನೂ ನೋಡಿದ್ದೆ ಆ ಬೆರಳನ್ನು,
ಮಾತು ಕೇಳುವ ಗಡಿಬಿಡಿಯಲ್ಲಿ ನೋಡಿರಲಿಲ್ಲ.

ಸೋಮವಾರ ಕಪಾಟಿನಿಂದ ಆ ಕಾದಂಬರಿ ತೆಗೆದೆ.
ಬರೆದವರು ಮರೆತಿಲ್ಲ, ಬೆರಳು ಅಲ್ಲೂ ಇದೆ.
ಆದರೆ "ಹೋಗ್ರಿ" ಇರುವುದು ಇನ್ನೂರ ಹನ್ನೊಂದರ ಕೊನೆಗೆ,
ಬೆರಳು ಮಗ್ಗುಲು ಹೊರಳಿಸಿದ ಮೇಲೆ.
ಹಾಳೆ ತಿರುಗುವಷ್ಟರಲ್ಲಿ
ಮಾತು ಆರಿ ತಣ್ಣಗಾಗಿರುತ್ತದೆ.
ತಪ್ಪು ಅವರದಲ್ಲ. ಅಕ್ಷರದ ಹಣೆಬರಹವೇ ಅದು,
ಲ್ಯಾಂಪ್ ರೂಮಿನ ಕಿಟಕಿಯ ಮುಂದೆ ಟೋಕನ್ ಹಿಡಿದು
ಒಬ್ಬನ ಬೆನ್ನಿಗೊಬ್ಬ ನಿಲ್ಲಲೇಬೇಕು.

ಇದನ್ನೂ ಹಾಗೆಯೇ ಬರೆದಿದ್ದೇನೆ ನೋಡಿ,
ಮೊದಲು ಕಿವಿ, ಆಮೇಲೆ ಬೇವು, ಆಮೇಲೆ ಬೆರಳು.
ಅಲ್ಲಿ ಒಂದೇ ಏಟಿಗೆ ಇತ್ತು ಎಲ್ಲ:
ಸುಳ್ಳು ಹೇಳುವ ಬಾಯಿ, ಹೇಳಲಾರದ ಕೈ,
ಉದುರುವ ಎಲೆ, ನೂರಾರು ಜನರ ತಡೆದ ಉಸಿರು,
ಪಕ್ಕದಲ್ಲಿ ಅಡಿಕೆ ಅಗಿಯುವುದನ್ನು ಬಿಟ್ಟ ಮಾವ.

ಬಸ್ಸು ಹಟ್ಟಿಯ ತಿರುವಿಗೆ ಬಂದರೂ
ಚೀಲ ಬಿಟ್ಟಿರಲಿಲ್ಲ ಅವನು.
ಕೇಳಿದೆ, ಕೇಳದೆಂದು ಗೊತ್ತಿದ್ದೂ:
"ಆಮ್ಯಾಲ, ಮಾವ?"